ಇಪ್ಪತ್ತರಲ್ಲಿ ಹನ್ನೊಂದು

ಆಂಟಿಯ ಬೂದು ಸ್ವೆಟರಿನ ಎಡತೋಳು ಬಲತೋಳಿಗಿಂತ ಎರಡು ಬೆರಳು ಅಗಲವಾಗಿ ಜೋಲುತ್ತಿತ್ತು. ದಿನವೂ ಸಂಜೆ ಚಹಾದ ಹೊತ್ತಿಗೆ ಕಿತ್ತಳೆ ಬಣ್ಣದ ಹಾವೊಂದು ಅದರೊಳಗೆ ತೂರಿ ಮಲಗುತ್ತಿತ್ತು.

ಇಲ್ಫರ್ಡ್‌ನ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದದ್ದು ಎರಡು ವರ್ಷ ಏಳು ತಿಂಗಳು. ಧಾರವಾಡದಿಂದ ಈ ಪರದೇಶಕ್ಕೆ ಬಂದ ಆಂಟಿ ಇಲ್ಲಿನ ಶಾಲೆಯೊಂದರ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದವರು. ನಿವೃತ್ತರಾದ ದಿನ, ಯಾರಿಗೂ ಬೇಡವಾಗಿದ್ದ ಲ್ಯಾಬಿನ ಹಾವನ್ನು ಗಾಜಿನ ಪೆಟ್ಟಿಗೆಸಮೇತ ಮನೆಗೆ ತಂದರಂತೆ. ಮೊಟ್ಟೆಯನ್ನೂ ಮುಟ್ಟದ ಅವರು ವಾರಕ್ಕೊಮ್ಮೆ ಫ್ರೀಜರಿನ ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು, ಇಕ್ಕಳದಲ್ಲಿ ಹಿಡಿದು, "ಉಣ್ಣ ನನ್ನವ್ವಾ" ಎಂದು ಕೊಡುತ್ತಿದ್ದರು.

ನಾನು ಎಲ್ಲವನ್ನೂ ತಾರೀಕು ಹಾಕಿ ಬರೆದಿಡುವವಳು. "ಹಾವಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ, ಆಂಟಿ! ಬರ್ಕೊಳ್ತೀನಿ," ಅಂದೆ ಒಮ್ಮೆ.

"ಎಲ್ಲೀ ಪ್ರೀತಿ? ತೋಳು ಬೆಚ್ಚಗೈತಿ. ನಿನಗ ಬೇಕಾದ್ದು ಬರೀಬ್ಯಾಡ, ಕಂಡದ್ದು ಬರಿ."

ಹೋದ ಚಳಿಗಾಲದಲ್ಲಿ ಡಾಕ್ಟರು, ಆಂಟಿಗೆ ಇನ್ನು ಕೆಲವೇ ತಿಂಗಳು ಎಂದರು. ಆಗ ಅವರೇ ಕೇಳಿದರು: "ನಾ ಹೋದ್ರ ಇದಕ್ಕ ಗೊತ್ತಾಗ್ತೈತೇನು? ಲೆಕ್ಕ ಇಡಾಕಿ ನೀನ, ನೋಡಿ ಹೇಳು."

ಅವರ ಸ್ವೆಟರನ್ನು ಕೋಣೆಯ ಒಂದು ಮೂಲೆಗೆ, ನನ್ನದನ್ನು ಇನ್ನೊಂದಕ್ಕೆ ಇಟ್ಟು ಹಾವನ್ನು ನಡುವೆ ಬಿಟ್ಟೆ. ದಿನಕ್ಕೊಂದು ಸಲ, ಮೂಲೆ ಬದಲಿಸುತ್ತಾ, ಇಪ್ಪತ್ತು ದಿನ. ಅವರದಕ್ಕೆ ಹನ್ನೊಂದು ಸಲ ಹೋಯಿತು, ನನ್ನದಕ್ಕೆ ಒಂಬತ್ತು. ಹದಿನೇಳು ಎಂದುಬಿಡಲೇ ಅನ್ನಿಸಿತು. ಆದರೆ ಲೆಕ್ಕ ಬರೆದಿಟ್ಟ ಪುಸ್ತಕವನ್ನೇ ಅವರ ಕೈಗಿಟ್ಟೆ.

ಕನ್ನಡಕ ಏರಿಸಿ ಎರಡು ಸಲ ಓದಿ, ನಕ್ಕುಬಿಟ್ಟರು. "ಹನ್ನೊಂದ! ಮೂರು ವರ್ಷ ಆಗಿಲ್ಲ ನೀ ಬಂದು, ನನ್ನ ಸರಿಸಮ ನಿಂತಿ ನೋಡು, ಕಳ್ಳಿ! ಛಲೋ ಆತು. ನಿನ್ನ ಕೂಡ ಇರ್ತೈತಿ. ಅದು ಕೊರಗೂದಿಲ್ಲ ಅಂತ ಗೊತ್ತಾದ್ರ ಸಾಕಾಗಿತ್ತು ನನಗ."

ಮಾರ್ಚಿನಲ್ಲಿ ಆಂಟಿ ತೀರಿಕೊಂಡರು. ಆ ವಾರ ಹಾವು ಇಲಿಮರಿಯನ್ನು ಮುಟ್ಟಲಿಲ್ಲ. ಮರುವಾರವೂ ಇಲ್ಲ. ಪುಸ್ತಕ ತೆರೆದು 'ದುಃಖ' ಎಂದು ಬರೆಯಲು ಹೊರಟವಳು ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿದೆ. ಹಾವಿನ ಕಣ್ಣು ಮಂಜಾಗಿತ್ತು. ಪೊರೆ ಬಿಡುವ ಮುಂಚೆ ಹಾಗಾಗುತ್ತದೆ, ಆಗ ಊಟವೂ ಸೇರುವುದಿಲ್ಲ ಎಂದು ಆಂಟಿಯೇ ಕಲಿಸಿದ್ದರು. 'ಉಂಡಿಲ್ಲ. ಕಣ್ಣು ಮಂಜು' ಎಂದಷ್ಟೇ ಬರೆದೆ. ಮೂರನೆಯ ವಾರ ಪೊರೆ ಬಿಟ್ಟು ಉಂಡಿತು.

ಈಗ ಗ್ರೀನ್‌ಫರ್ಡ್‌ನ ನನ್ನ ಫ್ಲಾಟಿನಲ್ಲಿ ಸಂಜೆ ಚಹಾದ ಹೊತ್ತಿಗೆ ಹಾವು ನನ್ನ ಎಡತೋಳಿನೊಳಗೆ ತೂರುತ್ತದೆ. ತೋಳು ಬೆಚ್ಚಗಿದೆ ಎಂದು ಬರೆದುಕೊಳ್ಳುತ್ತೇನೆ. ನಾನು ತೊಟ್ಟಿರುವುದು ಆಂಟಿಯ ಬೂದು ಸ್ವೆಟರು ಎಂಬುದನ್ನೂ.