ಅಂಟು ಒಣಗುವ ತನಕ

ಯಾದಗಿರಿಯ ನಮ್ಮ ಕಾಲೇಜಿನ ಕಾರಿಡಾರಿಗೆ ಈ ವಾರ ಬಣ್ಣ ಬಳಿಯುತ್ತಿದ್ದಾರೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಬಣ್ಣದ ವಾಸನೆ. ನಾನು ಇಂಗ್ಲಿಷ್ ಮಾಸ್ತರ. ನಿನ್ನೆ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಭಾಳ ಹೊತ್ತು ಹಿಡೀತು ಅನ್ನಾಕ ಇಂಗ್ಲಿಷ್ ಮಂದಿ ಏನಂತಾರ್ರಿ?" ಎಂದು ಕೇಳಿದಳು. ಇಂಥ ಪ್ರಶ್ನೆ ಸಿಕ್ಕಿತೆಂದರೆ ನನ್ನನ್ನು ಹಿಡಿಯುವವರಿಲ್ಲ.

ಅವರಲ್ಲಿ ಬರೀ ಭಾನುವಾರಗಳನ್ನೇ ಪೋಣಿಸಿದ ತಿಂಗಳೊಂದಿದೆ, ಅದು ಮುಗಿಯುವುದೇ ಇಲ್ಲ ಎಂದೆ. ಹಸುಗಳು ಮನೆಗೆ ಬರುವ ತನಕ ಎನ್ನುತ್ತಾರೆ, ಕತ್ತೆಯ ವರ್ಷಗಳು ಎಂದೂ ಎನ್ನುತ್ತಾರೆ ಎಂದೆ. ನಮ್ಮ ಹಸುಗಳು ದೀಪ ಹಚ್ಚುವ ಹೊತ್ತಿಗೆ ಬಂದುಬಿಡುತ್ತವೆ. ಅವರವು ಎಲ್ಲಿ ಮೇಯುತ್ತವೋ ಕಾಣೆ. ಕತ್ತೆಗಳಿಗಂತೂ ನಮ್ಮಲ್ಲಿ ಬರವಿಲ್ಲ, ಆದರೆ ವರ್ಷ ಅಳೆಯುವ ಕೆಲಸವನ್ನು ಅವಕ್ಕೆ ಯಾರೂ ಒಪ್ಪಿಸಿಲ್ಲ. ಹುಡುಗರು ನಕ್ಕರು. ನೀವೂ ಗಮನಿಸಿರಬೇಕು, ನಿಧಾನದ ಬಗ್ಗೆ ಅವರಾಡುವ ಮಾತಿನಲ್ಲಿ ಎಲ್ಲೋ ಒಂದು ಗೊಣಗಾಟ ಇದ್ದೇ ಇರುತ್ತದೆ. ಆ ಗೊಣಗಾಟದಲ್ಲೇ ದೊಡ್ಡದೆಂದರೆ, ಬಣ್ಣ ಒಣಗುವುದನ್ನು ನೋಡುತ್ತ ಕೂತಂತೆ ಎನ್ನುವುದು. ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದವನ ಕೈ ಅರ್ಧಕ್ಕೇ ನಿಂತಿತು.

ನಮ್ಮೂರು ಸುರಪುರದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಇಮಾಮ್‌ಸಾಬ್ ಚಾಚಾ ಅವರ ಮನೆ. ಮರದ ಚೌಕಟ್ಟುಗಳ ಮೇಲೆ ಹೂ, ಬಳ್ಳಿ, ಗಿಳಿ ಬರೆದು, ಅದರ ಮೇಲೆ ಬಂಗಾರದ ತೆಳು ಹಾಳೆ ಕೂಡಿಸುವುದು ಅವರ ಕಸುಬು. ಹಾಳೆ ಕೂಡಿಸುವ ಮೊದಲು ಅಂಟು ಬಳಿಯಬೇಕು. ಅಂಟು ಹಸಿಯಿದ್ದರೆ ಹಾಳೆ ಮುದುಡುತ್ತದೆ, ಒಣಗಿದರೆ ಹಿಡಿಯುವುದೇ ಇಲ್ಲ. ಎರಡರ ನಡುವೆ ಒಂದು ಗಳಿಗೆ. ಅದು ಗಡಿಯಾರಕ್ಕೆ ಸಿಗುವುದಿಲ್ಲ. ಬಿಸಿಲು, ಗಾಳಿ ನೋಡಿಕೊಂಡು ತನ್ನ ಪಾಡಿಗೆ ಬರುತ್ತದೆ. ಹೀಗಾಗಿ ಆ ಮನೆಯಲ್ಲೊಂದು ರೂಢಿ: ಒಣಗುವ ಅಂಟಿನ ಮುಂದೆ ಯಾರಾದರೊಬ್ಬರು ಕೂತಿರಲೇಬೇಕು. ಹಾಲು ಕೊಡಲು ಬಂದವಳನ್ನೂ ಕೂಡಿಸಿದ್ದುಂಟು.

ನಾನೂ ಎಷ್ಟೋ ಸಲ ಕೂತಿದ್ದೇನೆ. ಬೆಳಕಿಂಡಿಯಿಂದ ಇಳಿದ ಬಿಸಿಲು ಚಾಪೆ ದಾಟಿ, ಚಾಚಾ ಅವರ ಮೊಣಕಾಲು ಹತ್ತಿ, ಗೋಡೆಯ ಕಡೆ ಹೋಗುತ್ತಿತ್ತು. ಅಂಟಿನ ಹೊಳಪು, ನಿದ್ದೆ ಬರುತ್ತಿರುವ ಕಣ್ಣಿನಂತೆ, ಮೆಲ್ಲಗೆ ಮಬ್ಬಾಗುತ್ತಿತ್ತು. ಮಾಳಿಗೆಯ ಮೇಲೆ ಪಾರಿವಾಳಗಳ ಗುಟುರು. ನಾನು ಎಚ್ಚರವಿದ್ದೆನೋ ಕನಸಿನಲ್ಲಿದ್ದೆನೋ ಈಗ ಹೇಳಲಾರೆ. ಅಂಥ ಸುಖದ ಮಧ್ಯಾಹ್ನಗಳು ಮತ್ತೆ ನನ್ನ ಪಾಲಿಗೆ ಬರಲಿಲ್ಲ.

ಅವರ ಮಗಳು ಮೆಹಬೂಬಿಯ ನಿಕಾಹ್ ಗೊತ್ತಾಯಿತು. ಅವಳು ಗಂಡನ ಮನೆಗೆ ಒಯ್ಯಲೆಂದು ಚಾಚಾ ಕನ್ನಡಿಗೊಂದು ಚೌಕಟ್ಟು ಮಾಡಿದರು, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ಇದೇ ತಮ್ಮ ಕೊನೆಯ ಬಂಗಾರದ ಕೆಲಸವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಂಟು ಬಳಿದು ಕೂತಿದ್ದಾರೆ, ಅಷ್ಟರಲ್ಲಿ ಶಹಾಪುರದಿಂದ ಬೀಗರು ಬಂದರು. ಚಾಚಾ ನನ್ನನ್ನು ಕರೆದರು.

"ತಮ್ಮಾ, ಇದರ ಮುಂದ ಕುಂದ್ರು. ಬೆರಳಿನ ಹಿಂದಿನ ಮಗ್ಗಲ ಹಚ್ಚಿ ನೋಡ್ಕೋತ ಇರು. ಹಿಡಿಬೇಕು, ಆದ್ರ ಬೆರಳಿಗಿ ಹತ್ತಬಾರ್ದು. ಆವಾಗ ನನ್ನ ಕರಿ. ಬೀಗರಿದ್ರೂ ಎದ್ದು ಬರ್ತೀನಿ."

ನಾನು ಆಗಷ್ಟೇ ಎಂ.ಎ. ಮುಗಿಸಿದ್ದೆ. ಬಗಲಲ್ಲಿ ಸದಾ ಒಂದು ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ. ಅವತ್ತು ಅದರಲ್ಲಿ ಸಿಕ್ಕಿದ್ದು ಇದೇ ಮಾತು, ಬಣ್ಣ ಒಣಗುವುದನ್ನು ನೋಡುತ್ತ ಕೂರುವ ಬೇಸರದ ಮಾತು. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಇಷ್ಟು ಓದಿದವನು ಮಾಡುವ ಕೆಲಸವೇ ಇದು? ಹಿತ್ತಲ ಬಾಗಿಲಿಂದ ಎದ್ದು ಹೋಗಿ ಚೌಕದ ಹೋಟೆಲಿನಲ್ಲಿ ಕೂತೆ. ಐದು ನಿಮಿಷವೆಂದು ಹೋದವನು ಗೆಳೆಯರ ಜೊತೆ ಒಂದು ತಾಸು ಹರಟಿದೆ.

ಬಂದು ಮುಟ್ಟಿದರೆ ಅಂಟು ಗಾಜಿನಂತಾಗಿತ್ತು.

"ಚಾಚಾ, ಈಗ ಹಿಡದದ ಬರ್ರಿ" ಎಂದು ಕೂಗಿದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ!

ಚಾಚಾ ನನ್ನ ಪಕ್ಕದಲ್ಲೇ ಕೂತು, ಒಮ್ಮೆ ಮುಟ್ಟಿ ನೋಡಿದರು. ಮತ್ತೆ ಅಂಟು ಬಳಿದರೆ ಕೆಳಗಿನ ಬಣ್ಣ ಏಳುತ್ತಿತ್ತು. ಬಗ್ಗಿ, ಬಾಯಿ ತೆರೆದು, ಚೌಕಟ್ಟಿನ ಮೇಲೆ ಉಸಿರು ಬಿಡತೊಡಗಿದರು. ಉಸಿರಿನ ಹಸಿಗೆ ಒಂದು ಬೆರಳಗಲ ಅಂಟು ಮೆತ್ತಗಾಗುತ್ತಿತ್ತು. ಅಷ್ಟಕ್ಕೆ ಬಂಗಾರ ಕೂಡಿಸುತ್ತಿದ್ದರು. ಮತ್ತೆ ಉಸಿರು. ಬಳ್ಳಿಗಳು ಮುಗಿದವು, ಮೂರು ಗಿಳಿ ಮುಗಿದವು. ನಾಲ್ಕನೆಯದಕ್ಕೆ ಬಂದಾಗ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಅದರ ಒಂದು ರೆಕ್ಕೆ ಬಂಗಾರವಿಲ್ಲದೆ ಉಳಿಯಿತು.

"ಇರ್ಲಿ ಬಿಡು ತಮ್ಮಾ" ಎಂದರು ಚಾಚಾ.

ಮೆಹಬೂಬಿ ಆ ಕನ್ನಡಿಯನ್ನೇ ಒಯ್ದಳು. ಚಾಚಾ ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಆಗಲೂ ನಿಜ ಹೇಳಲು ಬಾಯಿ ಬರಲಿಲ್ಲ. ಶಹಾಪುರದ ಮೇಲೆ ಹಾದು ಹೋಗುವಾಗಲೆಲ್ಲ ಬಸ್ಸಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದೆ. ಹೀಗೆ ಇಪ್ಪತ್ತೆಂಟು ವರ್ಷ.

ನಿನ್ನೆ ಪಾಠವನ್ನು ಅಲ್ಲಿಗೇ ಬಿಟ್ಟು ಶಹಾಪುರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಮೆಹಬೂಬಿಯ ತಲೆ ನನ್ನದರಷ್ಟೇ ನರೆತಿತ್ತು. ಅವಳ ಹಿಂದೆ ಗೋಡೆಯ ಮೇಲೆ ಆ ಕನ್ನಡಿ. ಬೋಳು ರೆಕ್ಕೆಯ ಗಿಳಿ ನನ್ನನ್ನೇ ನೋಡುತ್ತಿತ್ತು.

"ಮೆಹಬೂಬಿ, ಅವತ್ತು ಅಂಟಿನ ಮುಂದಿಂದ ನಾ ಎದ್ದು ಹೋಗಿದ್ದೆ ಯವ್ವಾ" ಎಂದೆ.

"ಗೊತ್ತದ ಅಣ್ಣಾ" ಎಂದಳು. "ಕಣ್ಣು ಸರಿ ಕಾಣ್ತಿದ್ದಿಲ್ಲ ಖರೆ, ಅಬ್ಬಾಗ ಮೂಗು ಇತ್ತಲ್ರಿ. ನಿಮ್ಮ ಬಾಯಾಗ ಹೋಟೆಲ್ ಚಾದ ವಾಸನಿ ಬಂತಂತ. ಅವ ಹೇಳಾಕ ಬಂದೇ ಬರ್ತಾನ, ಬಂದಾಗ ಬೈಬ್ಯಾಡ, ಕನ್ನಡಿ ಮುಂದ ಕುಂದ್ರಸು ಅಂದಿದ್ರು. ನಾ ಆವತ್ತಿಂದ ಹಾದಿ ನೋಡಾಕತ್ತೀನಿ."

ಕುರ್ಚಿ ಎಳೆದು ಕನ್ನಡಿಯ ಎದುರಿಗಿಟ್ಟಳು. ಕೂತೆ. ಒಳಗೆ ಹೋಗುತ್ತ ತಿರುಗಿ ಹೇಳಿದಳು:

"ಚಾ ಇಲ್ಲೇ ತರ್ತೀನಿ. ಏಳಬ್ಯಾಡ್ರಿ ಮತ್ತ."

ಹೊರಗೆ ಯಾದಗಿರಿಯ ಕಡೆಯ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೋಯಿತು. ನಾನು ಏಳಲಿಲ್ಲ.