ಅಟ್ಟದ ಮೇಲೆ ನಾನು, ಏಣಿಯ ಕೆಳಗೆ ಅಕ್ಕ

ಹೋದ ವಾರ ಇದೇ ಅಂಕಣದಲ್ಲಿ ನಾನೊಂದು ಸುಳ್ಳು ಬರೆದೆ. ನೀವೆಲ್ಲ ಮೆಚ್ಚಿ ಮೆಸೇಜ್ ಕಳಿಸಿದಿರಿ. (ಸುಳ್ಳಿಗೆ ಲೈಕ್ ಜಾಸ್ತಿ, ಬಿಡಿ.)

ಬರೆಯುವಾಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ, ದೇವರಾಣೆಗೂ.

ಬಲಿತ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ವರ್ಷವಿಡೀ ಬಿಟ್ಟರೆ ನೀರು ಇಂಗಿ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಸದ್ದು. ನಮ್ಮೂರು ಗಂಡಸಿಯ ಮನೆಯಲ್ಲಿ ಅದೇ ಅಕ್ಕನ, ನನ್ನ ವಿಡಿಯೋ ಗೇಮ್. ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು, ನೀರೋ ಕೊಬ್ಬರಿಯೋ ಎಂದು ಪಂದ್ಯ ಕಟ್ಟುವುದು, ಸುಲಿದು ಒಡೆಯುವುದು. ಒಳಗೆ ಇನ್ನೂ ನೀರಿದ್ದರೆ ಆ ಅರೆ ಒಣಗಿದ ಕಾಯಿ ಅಡುಗೆಗೂ ಇಲ್ಲ, ಕೊಬ್ಬರಿಗೂ ಇಲ್ಲ. ಅಮ್ಮ ನಗುತ್ತಲೇ ಗದರುತ್ತಿದ್ದಳು ಎಂದು ಬರೆದಿದ್ದೆ. ಎಂಥ ಬಾಲ್ಯ!

ಭಾನುವಾರ ಊರಿಗೆ ಹೋದೆ. ಹಳೇಬೀಡಿನಿಂದ ಅಕ್ಕನೂ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಅಮ್ಮ ಆ ಮಕ್ಕಳಿಗೆ ಹಳೇ ಕಥೆ ತೆಗೆದಳು.

"ನಿಮ್ಮಜ್ಜಿ ಏನು ಸಾಮಾನ್ಯದೋಳಲ್ಲ ಕಣ್ರೋ. ಕೊಬ್ಬರಿ ಕಳ್ಳಿ! ಅಟ್ಟದ ಕಾಯೆಲ್ಲ ಒಡೆದು ಹಾಕೋಳು."

"ಕಳ್ಳಜ್ಜಿ! ಕಳ್ಳಜ್ಜಿ!" ಮಕ್ಕಳು ಕುಣಿದವು. ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ. ನನ್ನನ್ನೇ ನೋಡಿದಳು.

"ಪೇಪರ್‌ನಾಗೆ ಅಷ್ಟುದ್ದ ಬರ್ದಿದೀಯಲ್ಲೋ, ಒಡೆದಿದ್ ಯಾರು ಅಂತ ಯಾಕ್ ಬರೀಲಿಲ್ಲ? ಮೊಮ್ಮಕ್ಳ ಮುಂದೂ ನಾನೇ ಕಳ್ಳಿ ಆಗ್ಬೇಕಾ?"

"ಇಬ್ರೂ ಒಡೀತಿದ್ವಿ ಅಲ್ವೇನಕ್ಕ?"

"ನಾನು ಏಣಿ ಹಿಡ್ಕೊಂಡಿರ್ತಿದ್ದೆ ಕಣೋ. ಅಮ್ಮ ಬಂದಾಗ ಕೆಳಗೆ ಸಿಕ್ತಿದ್ದೋಳು ನಾನೇ. ಏಟೂ ನಂಗೇ."

ಆಗ ನೆನಪಾಯಿತು. ಕಾಯಿರಾಶಿಯ ಹಿಂದೆ, ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡು, ಅಗಿಯದೆ ಉಸಿರು ಬಿಗಿಹಿಡಿದು ಕೂತಿದ್ದ ನಾನು. ಕೆಳಗೆ ಅಕ್ಕನ ಅಳು. ಇದನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆನೋ! ನಿಜಕ್ಕೂ ನಾಚಿಕೆಯಾಯಿತು.

"ಅಮ್ಮ, ಒಡೆದದ್ದೆಲ್ಲ ನಾನು. ಅಕ್ಕ ಒಂದನ್ನೂ ಮುಟ್ಟಿಲ್ಲ," ಎಂದೆ. ದೊಡ್ಡ ತ್ಯಾಗ ಮಾಡಿದವನ ಗತ್ತು ಬೇರೆ.

ಅಮ್ಮ ಎಲೆಅಡಿಕೆ ಅಗಿಯುವುದನ್ನೂ ನಿಲ್ಲಿಸಲಿಲ್ಲ. "ನಂಗ್ ಗೊತ್ತಿತ್ತು ಕಣೋ. ನಿಂಗೊಂದೇಟು ಹಾಕಿದ್ರೆ ಎಲ್ಡೊತ್ತು ಉಣ್ತಿರ್ಲಿಲ್ಲ ನೀನು. ಅವಳಾದ್ರೆ ಕಣ್ಣೊರೆಸ್ಕೊಂಡು ಉಣ್ಣೋಳು."

ಅಕ್ಕ ಅಮ್ಮನ ಕಡೆ ತಿರುಗಿದಳು.

"ಹಂಗಾದ್ರೆ ನಾನೂ ಊಟ ಬಿಡ್ಬೇಕಿತ್ತು, ಅಲ್ವೇನಮ್ಮ?"

ಅಮ್ಮನ ಬಾಯಿ ಆಗ ನಿಂತಿತು. ಮಕ್ಕಳು ಮಾತ್ರ ತಡಮಾಡದೆ ಹೆಸರು ಬದಲಿಸಿದವು. ಈಗ ನಾನು ಕಳ್ಳತಾತ. (ಅಕ್ಕನ ಮುಖದಲ್ಲಿ ಸಣ್ಣ ನಗು ಕಂಡದ್ದು ಆಗಲೇ.)

ನಿಮ್ಮ ಬಾಲ್ಯವೂ ಬಲು ಸೊಗಸಾಗಿತ್ತೇ? ಒಮ್ಮೆ ಅಕ್ಕನನ್ನು ಕೇಳಿ ನೋಡಿ.