ತಪ್ಪಿದ ಬೋಟು

ಮೊನ್ನೆ ಶಾಲೆಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ, ಹೊಸದಾಗಿ ಮದುವೆಯಾದ ನಮ್ಮ ವಿಜ್ಞಾನದ ಮಾಸ್ತರರು ಕೇಳಿದರು: “ಸರ್, ನೀವು ಕೊಚ್ಚಿಗೆ ಹೋಗಿ ಬಂದೀರಲ್ಲಾ, ಅಲ್ಲಿ ತಿರುಗಾಡಾಕ ಏನೇನ್ ಅದಾವ್ರಿ?”

ನಾನು ಹುರುಪಿನಿಂದಲೇ ಶುರುಮಾಡಿದೆ. ಮೆಟ್ರೋ ಇದೆ, ಬಸ್ಸು ಬೇಕಾದಷ್ಟಿವೆ, ಹಳೇ ಊರಿನ ಗಲ್ಲಿಗಳಿಗೆ ಆಟೋ ಸಾಕು, ಕಾಲಲ್ಲಿ ಕಸುವಿದ್ದರೆ ಸೈಕಲ್ಲೂ ಬಾಡಿಗೆಗೆ ಸಿಗುತ್ತದೆ, ಇನ್ನು ಬೋಟು... ಅಲ್ಲಿಗೆ ಬಂದು ನಿಂತುಬಿಟ್ಟೆ. ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. ಅವರು ಕಾಯುತ್ತಿದ್ದರು. “ಬೋಟೂ ಅದಾವ್ರಿ” ಎಂದಷ್ಟೇ ಹೇಳಿ ನೀರು ಕುಡಿದೆ.

ಅವರಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ. ಹೊಸ ಮದುಮಗನಿಗೆ ಹೇಳುವಂಥದ್ದಲ್ಲ ಅದು.

ನನ್ನ ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತಿದ್ದೆ. ಮನೆಗಳ ನೆಲಕ್ಕೆ ಫರ್ಸಿ ಕಲ್ಲು ಹಾಸುವ ಮೇಸ್ತ್ರಿ ಆತ. ತಾಂಡೂರಿನ ಕಲ್ಲು ಲಾರಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ. ಒಂದು ವರ್ಷ ಮಾಮಾನೂ ಅದರ ಬೆನ್ನಿಗೆ ಹೋದ. ಕೊಚ್ಚಿಯ ಹಳೇ ಬಂಗಲೆಗಳನ್ನು ರಿಪೇರಿ ಮಾಡಿ ಲಾಡ್ಜ್ ಮಾಡುತ್ತಿದ್ದಾರೆ, ನೆಲಕ್ಕೆ ನಮ್ಮ ಕಡೆಯ ಕಲ್ಲೇ ಬೇಕಂತೆ, ಹಾಸುವವರೂ ನಮ್ಮವರೇ ಬೇಕಂತೆ ಎಂದು ಜೊತೆಗಾರ ಮೇಸ್ತ್ರಿಯೊಬ್ಬ ಕರೆದುಕೊಂಡು ಹೋಗಿದ್ದ. ಎರ್ನಾಕುಲಂ ಕಡೆ ರೂಮು, ಹಿನ್ನೀರಿನ ಆಚೆ ಫೋರ್ಟ್ ಕೊಚ್ಚಿಯಲ್ಲಿ ಕೆಲಸ.

ಅಕ್ಕ ಶಾಲೆಗೆ ಹೋದವಳಲ್ಲ, ಅವಳ ಒಬ್ಬಳೇ ಮಗಳು ಇನ್ನೂ ಶಾಲೆಯ ಹುಡುಗಿ. ಮನೆಯಲ್ಲಿ ಓದಿದವನೆಂದರೆ ನಾನೊಬ್ಬನೇ. ಹಾಗಾಗಿ ಜಗತ್ತಿನಲ್ಲಿ ನಡೆದದ್ದೆಲ್ಲ ನನ್ನ ಹತ್ತಿರ ಬಂದು ಠಸ್ಸೆ ಒತ್ತಿಸಿಕೊಂಡು ಹೋಗಬೇಕಿತ್ತು. ಡಾಕ್ಟರು ಹೇಳಿದ್ದು, ಟಿವಿಯಲ್ಲಿ ಬಂದದ್ದು, ಪಕ್ಕದ ಮನೆಯವರು ತಂದ ಸುದ್ದಿ, ಎಲ್ಲಕ್ಕೂ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು “ಖರೇನಾ ತಮ್ಮಾ?” ಅನ್ನುತ್ತಿದ್ದಳು. ನಾನು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ನನಗೂ ಅದು ಹಿತವಾಗಿತ್ತು. ಭೂಗೋಳದ ಮಾಸ್ತರನಲ್ಲವೇ, ಬೋರ್ಡಿನ ಮೇಲೆ ನೀಲಿ ಚಾಕಿನಿಂದ ಅರಬ್ಬಿ ಸಮುದ್ರ ಬರೆದು ಬರೆದು, ಸಮುದ್ರವೂ ನನ್ನದೇ ಎಂಬ ಭಾವನೆ ಬಂದುಬಿಟ್ಟಿತ್ತು. ಹಾಗೆ ನೋಡಿದರೆ, ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಹೈದರಾಬಾದಿನ ಕೆರೆ.

ಮಾಮಾ ದಿನಾ ಸಂಜೆ ರೂಮಿಗೆ ಬಂದು ಫೋನ್ ಮಾಡುತ್ತಿದ್ದ. ಕೆಲವು ದಿನ ತಡವಾಗುತ್ತಿತ್ತು. ಯಾಕೆಂದು ಕೇಳಿದರೆ ‘ಬೋಟ್ ತಪ್ಪಿತು’ ಅನ್ನುತ್ತಿದ್ದ. ಅಕ್ಕನಿಗೆ ಇದು ತಲೆಗೆ ಹತ್ತಲಿಲ್ಲ. ದೂರದ ಊರಿನಲ್ಲಿ ಒಬ್ಬನೇ ಇರುವ ಗಂಡಸು, ಸಂಜೆ ಎಲ್ಲಿರುತ್ತಾನೋ ಎಂದು ಗಲ್ಲಿಯ ಹೆಂಗಸರು ನಗೆಯಲ್ಲಿ ಎರಡು ಮಾತು ಆಡಿಯೂ ಇದ್ದರು. ಒಂದು ದಿನ ನಾನು ಪರೀಕ್ಷೆಯ ಪೇಪರು ತಿದ್ದುತ್ತ ಕೂತಾಗ ಬಂದಳು.

“ಬೋಟ್ ತಪ್ಪಿತಂತ, ಅದಕ್ಕ ಹೊತ್ತಾತಂತ. ವಾರದಾಗ ಎರಡ್ ಸಲ ಇದೇ ಹೇಳ್ತಾರ. ಖರೇನಾ ತಮ್ಮಾ?”

ನಾನು ತಲೆ ಎತ್ತಲಿಲ್ಲ. “ಸಿಟಿಯಾಗ ಬಸ್ ತಪ್ತದ ಅಕ್ಕಾ, ಬೋಟ್ ಯಾಕ ತಪ್ತದ? ಬೋಟಿನಾಗ ಮೀನ ಹಿಡಿಯೋರು ಹೋಗ್ತಾರ, ಫರ್ಸಿ ಹಾಸೋರು ಹೋಗಲ್ಲ” ಎಂದೆ. ಹೇಳಿ ನಕ್ಕೆ. ಆ ನಗು ಬೇಕಿರಲಿಲ್ಲ.

ಅವತ್ತು ಸಂಜೆ ಅಕ್ಕನ ದನಿ ಗೋಡೆಯ ಈಚೆಗೂ ಕೇಳಿಸಿತು. ನಮ್ಮ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. “ಸುಳ್ಳ ಹೇಳಾಕ ಆದ್ರ ಫೋನೇ ಮಾಡಬ್ಯಾಡ್ರಿ” ಎಂದಳು. ಮಾಮಾ ಮಾಡಲಿಲ್ಲ. ಮೂರು ದಿನ ಇವಳೂ ಮಾಡಲಿಲ್ಲ. ನಾಲ್ಕನೆಯ ದಿನ ಜೊತೆಗಾರ ಮೇಸ್ತ್ರಿಯ ಫೋನು ನನಗೆ ಬಂತು. ಬೆಳಿಗ್ಗೆ ಎದೆ ನೋವೆಂದು ಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲವಂತೆ.

ಮಾಮಾನನ್ನು ಜೊತೆಗಾರ ಮೇಸ್ತ್ರಿಯೇ ಊರಿಗೆ ತಂದ. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಊರ ಹೊರಗೆ ಮಣ್ಣು ಮಾಡಿ ಬಂದೆವು. ಅಕ್ಕ ಅಳುವಷ್ಟು ಅತ್ತಳು. ಬೋಟಿನ ಮಾತು ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಒಂದೂವರೆ ವರ್ಷದ ಮೇಲೆ, ಒಂದು ಮುಂಜಾನೆ ಬಂದು ಹೇಳಿದಳು: “ಆ ಊರು ಒಮ್ಮೆ ನೋಡಬೇಕು ತಮ್ಮಾ.” ಯಾಕೆಂದು ನಾನು ಕೇಳಲಿಲ್ಲ. ಹೋಗಲಿ, ನಾಲ್ಕು ಊರು ತಿರುಗಿದರೆ ಮನಸ್ಸು ಹಗುರವಾದೀತು ಎಂದುಕೊಂಡು ಪ್ರವಾಸದ ತಯಾರಿಗೆ ಕೂತೆ. ಒಂದು ನೋಟ್‌ಬುಕ್ಕಿನಲ್ಲಿ ಅಲ್ಲಿ ತಿರುಗಾಡುವ ದಾರಿಗಳನ್ನೆಲ್ಲ ಬರೆದೆ: ಯಾವ ಮೆಟ್ರೋ, ಯಾವ ಬಸ್ಸು, ಆಟೋ ಎಲ್ಲಿಂದ, ಎ.ಸಿ. ಇರುವ ಹೊಸ ಬೋಟು ಎಲ್ಲಿಂದ, ಹಳೆಯದು ಎಲ್ಲಿಂದ. ಕೆಂಪು ಪೆನ್ನಿನಿಂದ ಗೆರೆ ಬೇರೆ ಎಳೆದಿದ್ದೆ. ಫೋನಿನಲ್ಲಿ ನೋಡಿ ಬರೆಯುವಾಗಲೇ ಒಂದು ಸಾಲು ಕಣ್ಣಿಗೆ ಬಿತ್ತು. ಕೆಲಸಕ್ಕೆ ಹೋಗುವ ಜನ ದಿನವೂ ಹಳೇ ಬೋಟಿನಲ್ಲೇ ಓಡಾಡುತ್ತಾರೆ ಎಂದಿತ್ತು. ಹುಡುಕಲು ಎರಡು ನಿಮಿಷ ಹಿಡಿದಿರಲಿಲ್ಲ. ಅಕ್ಕ ಕೇಳಿದ ದಿನವೂ ಎರಡೇ ನಿಮಿಷ ಸಾಕಾಗುತ್ತಿತ್ತು.

ಎರ್ನಾಕುಲಂನಲ್ಲಿ ಇಳಿದಾಗ ಬೆಳಗಾಗಿತ್ತು. ನಾನು ನೋಟ್‌ಬುಕ್ ತೆಗೆದು ಹೊಸ ಬೋಟಿನ ವರ್ಣನೆ ಶುರುಮಾಡಿದೆ. ಅಕ್ಕ ಕೇಳಿಸಿಕೊಂಡು, “ಅವ್ರು ಯಾವುದರಾಗ ಹೋಗ್ತಿದ್ರು?” ಎಂದಳು. ಹಳೆಯದಕ್ಕೇ ಹೋದೆವು. ಟಿಕೇಟಿನ ಸಾಲಿನಲ್ಲಿ ತಾನೇ ನಿಂತಳು. ನನಗೆ ಬಿಡಲಿಲ್ಲ.

ಬೋಟಿನಲ್ಲಿ ಪ್ರವಾಸಿಗಳು ಫೋಟೋ ತೆಗೆದುಕೊಳ್ಳುತ್ತಿದ್ದರು. ಅಕ್ಕ ನೀರಿನ ಕಡೆ ನೋಡಲೇ ಇಲ್ಲ. ಜನರನ್ನು ನೋಡುತ್ತಿದ್ದಳು. ಕಾಲೇಜಿನ ಹುಡುಗಿಯರು, ತರಕಾರಿ ಚೀಲದ ಮುದುಕಿ, ಮೂಲೆಯಲ್ಲಿ ಸಿಮೆಂಟ್ ಹತ್ತಿದ ಪ್ಯಾಂಟಿನ ನಾಲ್ಕು ಗಂಡಸರು. ಅವರ ಕಾಲ ಬಳಿ ಗೋಣಿಚೀಲದಲ್ಲಿ ಗಾರೆ ಕೆಲಸದ ಕರಣಿ, ಮಟ್ಟಗೋಲು. ಅಕ್ಕ ಆ ಚೀಲದ ಮೇಲಿಂದ ಕಣ್ಣು ತೆಗೆಯಲಿಲ್ಲ. ದಡ ಬಂದು ಅವರು ಇಳಿದು ಹೋದ ಮೇಲೆ ಎದ್ದಳು.

ಆಚೆ ದಡದಲ್ಲಿ ಒಂದು ಆಟೋ ಹಿಡಿದೆವು. ಡ್ರೈವರನಿಗೆ ಹಿಂದಿ ಬರುತ್ತಿತ್ತು. ನಮ್ಮನ್ನು ಪ್ರವಾಸಿಗಳೆಂದು ತಿಳಿದು ಚೀನೀ ಬಲೆಗಳ ಹತ್ತಿರ ನಿಲ್ಲಿಸಿದ, ಹಳೇ ಚರ್ಚಿನ ಹತ್ತಿರ ನಿಲ್ಲಿಸಿದ, ಮಸಾಲೆ ಅಂಗಡಿಯ ಹತ್ತಿರವೂ ನಿಲ್ಲಿಸಿದ. ಅಕ್ಕ ಪ್ರತಿ ಕಡೆ ಇಳಿದು, ಅವನ ಮನಸ್ಸು ನೋಯಬಾರದೆಂಬಂತೆ ಒಂದು ಗಳಿಗೆ ನಿಂತು, ಮತ್ತೆ ಹತ್ತುತ್ತಿದ್ದಳು. ಕೊನೆಗೆ ನಾನು ವಿಷಯ ಹೇಳಿದೆ. ಅವನು ಆಟೋ ತಿರುಗಿಸಿದ. ಆಮೇಲೆ, ನಮ್ಮ ಕಡೆಯ ಕಲ್ಲು ಹಾಸಿದ, ತನಗೆ ಗೊತ್ತಿದ್ದ ಮೂರು ಲಾಡ್ಜುಗಳಿಗೂ ಕರೆದೊಯ್ದ. ಮಾಮಾ ಯಾವ ಲಾಡ್ಜಿನಲ್ಲಿ ಕೆಲಸ ಮಾಡಿದನೆಂದು ಜೊತೆಗಾರ ಮೇಸ್ತ್ರಿಗೂ ಗುರುತು ಹೇಳಲಾಗಿರಲಿಲ್ಲ. ಬಂಗಲೆಗಳು ಲಾಡ್ಜಾದ ಮೇಲೆ ಹೆಸರುಗಳೇ ಬದಲಾಗಿದ್ದವು.

ಮೂರೂ ಕಡೆ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೂರನೆಯದರಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಕಲ್ಲು ಕೂಡಿದ ಸಂದಿಯ ಮೇಲೆ ಬೆರಳಾಡಿಸಿದಳು. ತಿಂಡಿ ತಿನ್ನುತ್ತಿದ್ದ ಫಾರಿನ್ನಿನವರಿಬ್ಬರು ಏನೋ ಬಿದ್ದಿದೆಯೆಂದು ತಾವೂ ನೆಲ ನೋಡಿದರು. “ಎಲ್ಲಾ ಒಂದೇ ತರಾ ಕೂಡ್ಸ್ಯಾರ. ಅವ್ರದು ಯಾವುದಂತ ಹ್ಯಾಂಗ ಗೊತ್ತಾಗಬೇಕು” ಎಂದು ಎದ್ದಳು. “ಸಾಕು, ನಡಿ.”

ಜೆಟ್ಟಿಗೆ ಬಂದಾಗ ಬೋಟು ಹಗ್ಗ ಬಿಚ್ಚಿಯಾಗಿತ್ತು. ನಾನು ಕೈ ಬೀಸಿ ಓಡಿದೆ. ದಡಕ್ಕೂ ಬೋಟಿಗೂ ನಡುವೆ ಮೊದಲು ಒಂದು ಮೊಳ ನೀರು, ನೋಡನೋಡುತ್ತ ಒಂದು ಮಾರು, ಆಮೇಲೆ ಅಳೆಯುವುದರಲ್ಲಿ ಅರ್ಥವಿರಲಿಲ್ಲ. ತಿರುಗಿ ನೋಡಿದರೆ ಅಕ್ಕ ನಿಂತಲ್ಲೇ ನಿಂತಿದ್ದಳು.

“ತಪ್ಪಿತು” ಎಂದಳು.

ನಾನು ಗಡಿಬಿಡಿಯಲ್ಲಿ ನೋಟ್‌ಬುಕ್ ತೆಗೆದೆ. ಸೇತುವೆಯ ಮೇಲಿಂದ ಬಸ್ಸಿದೆ, ಹೊಸ ಬೋಟಿದೆ, ಆಟೋದವನು ಇನ್ನೂ ಹೋಗಿಲ್ಲ ಎಂದೆ. ಅಕ್ಕ ಬೆಂಚಿನ ಮೇಲೆ ಕೂತಳು. “ಇನ್ನೊಂದು ಎಷ್ಟೊತ್ತಿಗೆ?” ಎಂದಳು. ನಾನು ಕೇಳಿ ಬಂದು, ಅರ್ಧ ಗಂಟೆಯ ಮೇಲಾಗುತ್ತದಂತೆ ಎಂದೆ.

“ಅಷ್ಟೊತ್ತು ಇಲ್ಲೇ ಕೂತಿರ್ತಿದ್ರು” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಅಳಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು, ಬೋಟು ಹೋದ ಕಡೆ ನೋಡುತ್ತಿದ್ದಳು. ಇಳಿಬಿಸಿಲು ಮುಖದ ಮೇಲೆ ಬೀಳುತ್ತಿದ್ದರೂ ಸೆರಗು ಅಡ್ಡ ಹಿಡಿಯಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಅವತ್ತು ನಾ ಹಂಗ ಅನಬಾರದಿತ್ತು. ನಂಗ ಗೊತ್ತಿರಲಿಲ್ಲ.”

“ಗೊತ್ತಿಲ್ಲಂತ ಅನಬೇಕಿತ್ತು” ಎಂದಳು. ಮತ್ತೆ, ಸಿಟ್ಟಿಲ್ಲದ ದನಿಯಲ್ಲಿ, “ನಿಂದೊಬ್ಬಂದೇ ತಪ್ಪಲ್ಲ ತಮ್ಮಾ. ನಾ ನಿನ್ನ ಕೇಳಿದೆ. ಅವ್ರ ಹೆಂಡತಿ ಆಗಿ ಅವ್ರನ್ನ ಬಿಟ್ಟು ನಿನ್ನ ಕೇಳಿದೆ” ಎಂದಳು.

ಬಯ್ದಿದ್ದರೆ ಚೆನ್ನಾಗಿತ್ತು. ಮುಂದಿನ ಬೋಟು ಬರುವವರೆಗೆ ಬೆಂಚಿನ ಮೇಲೆಯೇ ಕೂತಿದ್ದೆವು. ಬಂದ ಮೇಲೆ ಹತ್ತಿದೆವು. ಈ ಸಲ ಅಕ್ಕ ನೀರು ನೋಡಿದಳು.

ಊರಿಗೆ ಬಂದು ಈಗ ಎರಡು ವರ್ಷವಾಯಿತು. ಅಕ್ಕ ಚೆನ್ನಾಗಿಯೇ ಇದ್ದಾಳೆ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಾಳೆ, ನನಗೆ ಜ್ವರ ಬಂದರೆ ಗಂಜಿ ತರುತ್ತಾಳೆ. ನನ್ನನ್ನು ಏನನ್ನೂ ಕೇಳುವುದಿಲ್ಲ, ಅಷ್ಟೇ. ದವಾಖಾನೆಗೆ ತಾನೇ ಹೋಗಿ, ಡಾಕ್ಟರರ ಎದುರು ತಾನೇ ಕೂತು, ತಿಳಿಯುವವರೆಗೆ ಕೇಳಿ ಬರುತ್ತಾಳಂತೆ. ನಾನು ಪೇಪರು ತಿದ್ದುವಾಗ ಬಾಗಿಲಲ್ಲಿ ಹೆಜ್ಜೆಯ ಸಪ್ಪಳವಾದರೆ ಈಗ ತಲೆ ಎತ್ತುತ್ತೇನೆ. ಹೆಚ್ಚಾಗಿ ಅದು ಬೇರೆ ಯಾರೋ ಆಗಿರುತ್ತಾರೆ.

ಹೋದ ವಾರ ಅವಳ ಮನೆಗೆ ಹೋದರೆ ಮಗಳೊಬ್ಬಳೇ ಇದ್ದಳು. “ಅವ್ವ ಸಿರ್ಗಾಪುರಕ್ಕ ಹೋಗ್ಯಾಳ. ನಂಗ ಒಂದು ಕಡೆ ಕೇಳ್ಯಾರಂತ, ಹುಡುಗನ ಮನಿ ನೋಡಾಕ” ಎಂದಳು. ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ, ನಾರಾಯಣಖೇಡದಲ್ಲಿ ಮತ್ತೊಂದು ಹತ್ತಿ, ಒಬ್ಬಳೇ. ನಾನು ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಅಕ್ಕ ಇಳಿದು ನನ್ನನ್ನು ಕಂಡು, “ನೀ ಯಾಕ ಬರಾಕ ಹೋದಿ” ಎಂದಳು.

“ಹುಡುಗ ಹ್ಯಾಂಗದಾನ ಅಕ್ಕಾ? ನಮ್ಮ ಮಾಸ್ತರೊಬ್ಬರು ಆ ಕಡಿಯವರೇ ಇದ್ದಾರ. ಮನಿತನ ಹ್ಯಾಂಗಂತ ವಿಚಾರಿಸಲೇನು?”

“ಬ್ಯಾಡ. ನಾನೇ ನೋಡಿ ಬಂದೀನಿ.”

ಅವಳ ಕೈಚೀಲಕ್ಕೆ ಕೈ ಚಾಚಿದೆ. ಭಾರವೇನಿಲ್ಲ ಎಂದು ಅದನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮನೆಯವರೆಗೆ ಇಬ್ಬರೂ ನಡೆದೇ ಬಂದೆವು, ಅವಳು ಎರಡು ಹೆಜ್ಜೆ ಮುಂದೆ.